ಒಂದು ಮೈ, ಎರಡು ಮನಸ್ಸು

ಕೊಕ್ಕನೂರಿನಿಂದಲೋ ದಾವಣಗೆರೆಯಿಂದಲೋ ಮಕ್ಕಳನ್ನು ಹರಿಹರೇಶ್ವರನ ಗುಡಿಗೆ ಕರೆತಂದ ತಂದೆತಾಯಿಯರು ಒಂದು ಪ್ರಶ್ನೆಗೆ ಸಿದ್ಧರಾಗಿರಬೇಕು: ‘‘ಬಲಗಡೆ ಶಿವ, ಎಡಗಡೆ ವಿಷ್ಣು. ಹಾಗಾದರೆ ಹಸಿವಾಗುವುದು ಯಾರಿಗೆ?’’ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರ ಸುಮಾರಿಗೆ ಕಟ್ಟಿಸಿದ ಗುಡಿಯಿದು. ಗುಹಾಸುರನನ್ನು ಹರಿಯೊಬ್ಬನೇ ಕೊಲ್ಲಲಾರ, ಹರನೊಬ್ಬನೇ ಕೊಲ್ಲಲಾರ. ಅದಕ್ಕೇ ಇಬ್ಬರೂ ಒಂದೇ ಮೈಯಾಗಿ ಬಂದರೆಂದು ಸ್ಥಳಪುರಾಣ. ದೇವರಿಗೇನೋ ಸರಿ. ಒಬ್ಬ ಹುಡುಗನಿಗೆ ಹೀಗಾದರೆ?

ಅಮೆರಿಕದ ಹಾಲ್ ಕ್ಲೆಮೆಂಟ್ ಇದನ್ನೇ ಕಥೆಯಾಗಿಸಿದರು. ಅವರು ಶಾಲೆಯಲ್ಲಿ ವಿಜ್ಞಾನದ ಮೇಷ್ಟರು. 1950ರಲ್ಲಿ ಪುಸ್ತಕವಾಗಿ ಬಂದ ‘ನೀಡಲ್’ನಲ್ಲಿ ಅನ್ಯಲೋಕದ ಒಬ್ಬ ಪೊಲೀಸಿನವನು ಓಡಿಹೋದ ಅಪರಾಧಿಯನ್ನು ಅಟ್ಟಿಸಿಕೊಂಡು ಭೂಮಿಗೆ ಬೀಳುತ್ತಾನೆ. ಅವನ ಮೈಯೆಂದರೆ ಲೋಳೆಯಂಥದು. ಬೇರೊಂದು ಜೀವಿಯೊಳಗೆ ಹೊಕ್ಕೇ ಬಾಳಬೇಕು. ಸಮುದ್ರತೀರದಲ್ಲಿ ಮಲಗಿದ್ದ ಬಾಬ್ ಎಂಬ ಹುಡುಗನೊಳಗೆ ಸೇರಿಕೊಳ್ಳುತ್ತಾನೆ. ನಮ್ಮ ಕಡೆಯ ‘ಮೈಮೇಲೆ ಬರುವುದ’ಕ್ಕೂ ಇದಕ್ಕೂ ಅಂತರವಿದೆ. ಇವನು ಹುಡುಗನ ಬಾಯಿ ಕಸಿದುಕೊಂಡು ಮಾತಾಡುವುದಿಲ್ಲ. ಅವನ ಕಣ್ಣಿನೊಳಗೆ ಅಕ್ಷರ ಮೂಡಿಸಿ ತಿಳಿಸುತ್ತಾನೆ, ಗಾಯವಾದರೆ ರಕ್ತ ಸೋರದಂತೆ ಒಳಗಿನಿಂದಲೇ ತಡೆಯುತ್ತಾನೆ. ಆತಿಥ್ಯ ಕೊಟ್ಟ ಮೈಗೆ ಕೇಡು ಬಗೆಯಬಾರದೆಂಬುದು ಅವನ ಕುಲದ ಕಟ್ಟಳೆ. ಅಪರಾಧಿ ಮುರಿದದ್ದು ಅದನ್ನೇ. ಆ ಅಪರಾಧಿ ಕೊನೆಗೆ ಹುಡುಗನ ಸ್ವಂತ ತಂದೆಯೊಳಗೇ ಅಡಗಿರುತ್ತಾನೆ! ಮಕ್ಕಳ ನಿದ್ದೆಗೆಡಿಸಲು ಇಷ್ಟು ಸಾಕು.

ಇದೆಲ್ಲ ಬರಿಯ ಕಟ್ಟುಕಥೆಯೆ ಎಂದು ಕೇಳುವಿರಿ. ನಮ್ಮ ಮಿದುಳಿನ ಎಡ ಬಲ ಹೋಳುಗಳನ್ನು ನರತಂತುಗಳ ದಪ್ಪ ಸೇತುವೆಯೊಂದು ಕೂಡಿಸುತ್ತದೆ. ಔಷಧಿಗೆ ಬಗ್ಗದ ಮೂರ್ಛೆರೋಗವಿದ್ದ ಕೆಲವರಿಗೆ ವೈದ್ಯರು ಆ ಸೇತುವೆಯನ್ನೇ ಕತ್ತರಿಸಿದರು. ಫಿಟ್ಸು ಹಿಡಿತಕ್ಕೆ ಬಂತು. ರೋಜರ್ ಸ್ಪೆರಿ 1960ರ ದಶಕದಲ್ಲಿ ಅಂಥವರನ್ನು ಪರೀಕ್ಷಿಸಿದರು. ನೋಟದ ಎಡಭಾಗದಲ್ಲಿ ಒಂದು ವಸ್ತುವಿನ ಚಿತ್ರ ಮಿಂಚಿಸಿದರೆ ‘‘ಏನೂ ಕಾಣಲಿಲ್ಲ’’ ಎನ್ನುವುದು ಬಾಯಿ. ಎಡಗೈ ಮಾತ್ರ ತಡವರಿಸಿ ಅದೇ ವಸ್ತುವನ್ನು ಎತ್ತಿಕೊಡುವುದು! ಮಾತಿನ ಕಾರುಬಾರು ಸಾಮಾನ್ಯವಾಗಿ ಎಡಹೋಳಿನದು, ಎಡಗೈ ಬಲಹೋಳಿನ ಅಧೀನ. ಸ್ಪೆರಿಯವರಿಗೆ 1981ರಲ್ಲಿ ನೊಬೆಲ್ ಪಾರಿತೋಷಕದ ಅರ್ಧ ಪಾಲು ಸಂದಿತು. ಅಂಥವರೊಳಗೆ ಮನಸ್ಸೇ ಎರಡಾಯಿತೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಇಂದಿಗೂ ಒಮ್ಮತವಿಲ್ಲ.

ಇಂಥ ಕಥೆ ಎಳೆಯರಿಗೆ ಭಯ ಹುಟ್ಟಿಸದೆ? ಹುಟ್ಟಿಸುತ್ತದೆ. ದೆವ್ವದ ಕಥೆಯ ಭಯಕ್ಕಿಂತ ಇದು ಮೇಲು ಎಂದು ನನ್ನ ಎಣಿಕೆ. ದೆವ್ವದೊಡನೆ ಒಪ್ಪಂದ ನಡೆಯದು; ಇಲ್ಲಿ ನಡೆಯುತ್ತದೆ. ಯಾವಾಗ ಆಡುವುದು, ಯಾವಾಗ ಹುಡುಕುವುದು, ಗುಟ್ಟನ್ನು ಯಾರಿಗೆ ಹೇಳುವುದು, ಎಲ್ಲಕ್ಕೂ ಇಬ್ಬರೂ ಒಪ್ಪಬೇಕು. ಒಂದೇ ಕೋಣೆಯಲ್ಲಿ ಅಣ್ಣನೊಡನೆ ಮಲಗುವ ತಮ್ಮನಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾದುದಿಲ್ಲ. ರಾತ್ರಿ ಊಟವಾದಮೇಲೆ ಕಥೆಯನ್ನು ನೀವೇ ಹೇಳಿನೋಡಿ. ತಂದೆಯ ಸಂಗತಿ ಬಂದಾಗ ಮಾತ್ರ ಒಂದು ಗಳಿಗೆ ನಿಲ್ಲಿಸಿ, ಮಗು ನಿಮ್ಮ ಮುಖವನ್ನು ಹೇಗೆ ನೋಡುತ್ತದೆಂದು ಗಮನಿಸಿ.