ಒಂದು ಫಂಕ್ಷನ್, ಎರಡು ಉತ್ತರ

ಹದಿನೇಳನ್ನು ಐದರಿಂದ ಭಾಗಿಸು ಅಂದರೆ ಶಾಲೆಯ ಹುಡುಗಿ ಥಟ್ಟನೆ ಹೇಳುತ್ತಾಳೆ: ಭಾಗಲಬ್ಧ ಮೂರು, ಶೇಷ ಎರಡು. ಲೆಕ್ಕ ಒಂದು, ಉತ್ತರ ಎರಡು. ಇಷ್ಟನ್ನು ನೇರವಾಗಿ ಹೇಳುವ ಸ್ವಾತಂತ್ರ್ಯ ಕಂಪ್ಯೂಟರಿನ ಫಂಕ್ಷನ್‌ಗೆ ಬಹಳ ಕಾಲ ಇರಲಿಲ್ಲ ನೋಡಿ!

1957ರಲ್ಲಿ ಐಬಿಎಂನ ಜಾನ್ ಬ್ಯಾಕಸ್ ತಂಡ ಫೋರ್ಟ್ರಾನ್ ಭಾಷೆ ತಂದಾಗ ಅವರ ಕಣ್ಣ ಮುಂದಿದ್ದದ್ದು ಗಣಿತದ ಸೂತ್ರಗಳು. ಒಂದು ಕೋನಕ್ಕೆ ಸೈನ್ ಬೆಲೆ ಒಂದೇ ತಾನೆ? ಫಂಕ್ಷನ್ನಿಗೂ ಅದೇ ಕಟ್ಟಳೆಯಾಯಿತು. ಮರುವರ್ಷ ಸಬ್‌ರುಟೀನ್ ಬಂತು. ಹೆಚ್ಚು ಉತ್ತರ ಬೇಕಿದ್ದರೆ ನಮ್ಮ ವೇರಿಯಬಲ್‌ಗಳನ್ನೇ ಅದರ ಕೈಗೆ ಕೊಡಬೇಕು, ಅದು ಅವುಗಳ ಮೇಲೆಯೇ ಬರೆಯುತ್ತಿತ್ತು. ವೇರಿಯಬಲ್ ಬದಲು 4 ಎಂಬ ಅಂಕಿಯನ್ನೇ ಕೊಟ್ಟು, ಅದು ಅಲ್ಲಿ 5 ಬರೆದುಬಿಟ್ಟರೆ? ಹಳೆಯ ಕೆಲವು ಕಂಪೈಲರ್‌ಗಳಲ್ಲಿ ಆಮೇಲೆ ನೀವು 4 ಅಂದಲ್ಲೆಲ್ಲ ಯಂತ್ರ 5 ಅಂತಲೇ ಓದುತ್ತಿತ್ತು!

ನಂತರ ಬೆಲ್ ಲ್ಯಾಬ್ಸ್‌ನ ಡೆನಿಸ್ ರಿಚಿ ಅವರ ಸಿ ಭಾಷೆ, ಅದರ ಪಾಯಿಂಟರ್‌ಗಳು. ಹೆಚ್ಚು ಉತ್ತರ ಬೇಕಿದ್ದರೆ ಇಲ್ಲಿ ವೇರಿಯಬಲ್‌ನ ವಿಳಾಸ ಕೊಡಬೇಕು. ಸ್ಕ್ಯಾನ್‌ಎಫ್‌ನಲ್ಲಿ ಆ ವಿಳಾಸದ ಗುರುತಾದ ಆಂಪರ್‌ಸ್ಯಾಂಡ್ ಮರೆತು ಲ್ಯಾಬಿನಲ್ಲಿ ತಲೆ ಕೆರೆದುಕೊಂಡವರಿಗೆ ಆ ಕಷ್ಟ ವಿವರಿಸಬೇಕಾಗಿಲ್ಲ.

ನನ್ನ ಮನಸ್ಸು ನಿಲ್ಲುವುದು ಬಾರ್ಬರಾ ಲಿಸ್ಕೋವ್ ಅವರಲ್ಲಿ. ಸಿ ಹುಟ್ಟಿದ ಅದೇ 1970ರ ದಶಕದಲ್ಲಿ ಎಂಐಟಿಯಲ್ಲಿ ವಿದ್ಯಾರ್ಥಿಗಳ ಜೊತೆ ಅವರು ಕ್ಲೂ ಎಂಬ ಭಾಷೆ ಕಟ್ಟಿದರು. ಅದರಲ್ಲಿ ಎರಡು ಮೌಲ್ಯ ಹಿಂದಿರುಗಿಸಬಹುದಿತ್ತು, ಎರಡು ಹೆಸರುಗಳಲ್ಲಿ ಒಂದೇ ಸಾಲಿನಲ್ಲಿ ಹಿಡಿದಿಡಬಹುದಿತ್ತು. ಎಷ್ಟು ಸಲೀಸು! ಆದರೂ ಲೋಕ ಹಿಡಿದದ್ದು ಸಿ ಭಾಷೆಯ ದಾರಿ. ಕ್ಲೂ ಹೆಸರು ಇವತ್ತಿನ ವಿದ್ಯಾರ್ಥಿಗಳ ಕಿವಿಗೆ ಬೀಳುವುದೇ ಅಪರೂಪ, ನನಗದು ಸಂಕಟ. 2008ರ ಟ್ಯೂರಿಂಗ್ ಪ್ರಶಸ್ತಿ ಅವರಿಗೆ ಬಂದಾಗ ಅಂತರ್ಜಾಲದಲ್ಲಿ ಯಾರೋ ಗೊಣಗಿದರಂತೆ: ಈಕೆಗೆ ಯಾಕೆ ಪ್ರಶಸ್ತಿ, ಇದೆಲ್ಲ ಎಲ್ಲರಿಗೂ ಗೊತ್ತಿರುವುದೇ ಅಲ್ಲವೇ ಅಂತ. ಅದನ್ನು ಕಂಡು ಹೇಳಿದವರು ಅವರ ಪತಿ. ಲಿಸ್ಕೋವ್ ಮುನಿಯಲಿಲ್ಲ, ಅದನ್ನೇ ಹೊಗಳಿಕೆ ಅಂದುಕೊಂಡರು. ತಮ್ಮ ವಿಚಾರ ಎಲ್ಲರದೂ ಆಗಿಹೋಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಉಳಿದದ್ದು ಬೇಗ ಹೇಳುತ್ತೇನೆ. 1984ರ ಕಾಮನ್ ಲಿಸ್ಪ್, 1991ರ ಪೈಥಾನ್, 2009ರ ಗೋ, ಎಲ್ಲದರಲ್ಲೂ ಹೆಚ್ಚು ಉತ್ತರ ಹಿಂದಿರುಗಿಸುವ ಈ ಸೌಕರ್ಯ ಉಂಟು. ಗೋ ಕಟ್ಟಿದ ಮೂವರಲ್ಲಿ ಒಬ್ಬರು ಕೆನ್ ಥಾಂಪ್ಸನ್, ರಿಚಿ ಜೊತೆ ಯುನಿಕ್ಸ್ ಮಾಡಿದವರು. ಗೋ ಭಾಷೆಯಲ್ಲಿ ಫಲಿತಾಂಶ ಒಂದು ಕಡೆ, ದೋಷ ಇನ್ನೊಂದು ಕಡೆ ಬೇರೆಬೇರೆಯಾಗಿ ಬರುತ್ತವೆ.

ಹೊಸದಾಗಿ ಕಲಿಯುವವರಿಗೆ ಒಂದು ಗುಟ್ಟು. ಪೈಥಾನ್‌ನಲ್ಲಿ ಭಾಗಲಬ್ಧ, ಶೇಷ ಎರಡನ್ನೂ ಕೊಡುವ ಡಿವ್‌ಮಾಡ್ ಫಂಕ್ಷನ್‌ಗೆ 17, 5 ಕೊಟ್ಟರೆ ಬರುವುದು ನಿಜವಾಗಿ ಒಂದೇ ಗಂಟು, ಟ್ಯೂಪಲ್. ಒಳಗೆ 3 ಮತ್ತು 2. ಎಡಗಡೆ ಎರಡು ಹೆಸರು ಬರೆದರೆ ಗಂಟು ತಾನೇ ಬಿಚ್ಚಿಕೊಳ್ಳುತ್ತದೆ. ಮೂರು ಬರೆದರೆ ದೋಷ ತೋರಿಸುತ್ತದೆ. ಆದರೆ ಎರಡು ಹೆಸರನ್ನು ಅದಲುಬದಲು ಮಾಡಿದಿರೋ, ಪೈಥಾನ್ ತುಟಿ ಪಿಟಕ್ಕೆನ್ನುವುದಿಲ್ಲ. ಹಾಗಾಗಿ ಉತ್ತರಗಳು ಮೂರು ನಾಲ್ಕು ದಾಟಿದರೆ ಪ್ರತಿಯೊಂದಕ್ಕೂ ಹೆಸರಿಟ್ಟು ಡೇಟಾಕ್ಲಾಸ್‌ನಲ್ಲಿ ಕಳಿಸಿ. ಆರು ತಿಂಗಳ ಮೇಲೆ ಆ ಪ್ರೋಗ್ರಾಮ್ ತಿದ್ದಬೇಕಾದವರು ನೀವೇ ಅಲ್ಲವೇ?