ಮಳೆಗೆ ಮುಂಚಿನ ನೀರು, ಮಳೆಯ ನಂತರದ ನೀರು

(ಬ್ಲಾಕಿನ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಮಳೆಯ ವಿಚಾರವನ್ನು ತಮಗೆ ನಾನು ಹೇಳಿಕೊಡಬೇಕಾದ್ದಿಲ್ಲ. ಭರಣಿ ಮಳೆ ಬಿದ್ದರೆ ಏನು ಮಾಡಬೇಕು, ಹಸ್ತ ಚಿತ್ತೆ ತಪ್ಪಿದರೆ ರಾಗಿಯ ಗತಿ ಏನು ಎಂಬುದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಅದೇ ಮಳೆ ನೆಲದೊಳಕ್ಕೆ ಇಳಿದು, ಬಾವಿಗೆ ಬಂದು, ಕೊಡದಲ್ಲಿ ತುಂಬಿ ಮನೆಗೆ ಬರುತ್ತದಲ್ಲವೇ? ಆ ನೀರಿನ ವಿಚಾರವನ್ನು ಈ ದಿನ ಹೇಳುತ್ತೇನೆ. ಹೊಲಕ್ಕೆ ಬಿದ್ದ ಮಳೆಯ ಲೆಕ್ಕವನ್ನು ಎಲ್ಲರೂ ಇಡುತ್ತೇವೆ. ಬಾವಿಗೆ ಬಂದ ಮಳೆಯ ಲೆಕ್ಕ ಇಡುವವರು ಕಡಿಮೆ.

ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಕೊಳವೆ ಬಾವಿಯ ನೀರನ್ನು ನವೆಂಬರ್ ತಿಂಗಳಲ್ಲಿ ಪರೀಕ್ಷೆ ಮಾಡಿದೆನು. ಸ್ವಾತಿ ಮಳೆ ಚೆನ್ನಾಗಿ ಆಗಿತ್ತು, ಕೆರೆಯಲ್ಲಿ ನೀರು ನಿಂತಿತ್ತು. ಫ್ಲೋರೈಡ್ ಅಂಶ ಮಿತಿಯೊಳಗೇ ಇತ್ತು. “ಕುಡಿಯಲು ಯೋಗ್ಯ” ಎಂದು ಬರೆದುಕೊಟ್ಟು, ಕಟ್ಟೆಗೆ ಹಸಿರು ಬಣ್ಣ ಹಚ್ಚಿಸಿ ಬಂದೆನು. ಮುಂದಿನ ಏಪ್ರಿಲ್ ಕೊನೆಯಲ್ಲಿ ಬೇರೆ ಕೆಲಸದ ಮೇಲೆ ಅಲ್ಲಿಗೆ ಹೋದಾಗ, ಪರೀಕ್ಷೆಯ ಪೆಟ್ಟಿಗೆ ಕೈಯಲ್ಲಿತ್ತು ಎಂಬ ಒಂದೇ ಕಾರಣದಿಂದ ಅದೇ ನೀರನ್ನು ಮತ್ತೊಮ್ಮೆ ನೋಡಿದೆನು. ಮಿತಿ ದಾಟಿತ್ತು. ನೀರಿಗೆ ಬಂದಿದ್ದ ಅಜ್ಜಿಯೊಬ್ಬರು ಕೇಳಿದರು: “ಒಳ್ಳೇ ನೀರು ಅಂತ ನೀನೇ ಹೇಳಿದ್ಯಲ್ಲಪ್ಪಾ. ಆಗ ಹೇಳಿದ್ದು ಸುಳ್ಳೋ, ಈಗ ಹೇಳೋದು ಸುಳ್ಳೋ?”

ಎರಡೂ ಸುಳ್ಳಲ್ಲ. ಆದರೆ ಒಂದು ದಿನದ ನೀರನ್ನು ನೋಡಿ ನಾನು ಇಡೀ ವರ್ಷದ ಮಾತನ್ನು ಬರೆದುಕೊಟ್ಟಿದ್ದೆ. ಆ ಬೇಸಿಗೆಯಲ್ಲಿ ಊರಿನ ಮಕ್ಕಳು ಕುಡಿದದ್ದು ಆ ನೀರನ್ನೇ.

ಹೀಗೇಕೆ ಆಗುತ್ತದೆ? ಪಾವಗಡ, ಸಿರಾ, ಚಳ್ಳಕೆರೆ, ಬಾಗೇಪಲ್ಲಿ ಕಡೆಯ ಬಯಲುಸೀಮೆಯಲ್ಲಿ ನೆಲದ ಕೆಳಗೆ ಹೆಚ್ಚಾಗಿ ಇರುವುದು ಗ್ರಾನೈಟ್ ಜಾತಿಯ ಕಲ್ಲು. ಆ ಕಲ್ಲಿನೊಳಗಿನ ಕರಿ ಅಭ್ರಕ ಮೊದಲಾದ ಖನಿಜಗಳಲ್ಲಿ ಫ್ಲೋರೈಡ್ ಉಂಟು. ಕಲ್ಲಿನ ಬಿರುಕುಗಳಲ್ಲಿ ನೀರು ಎಷ್ಟು ಹೆಚ್ಚು ಕಾಲ ನಿಲ್ಲುತ್ತದೋ ಅಷ್ಟು ಹೆಚ್ಚಾಗಿ ಅದನ್ನು ಕರಗಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ಮೇಲಿನಿಂದ ಹೊಸ ನೀರು ಇಳಿದು ಈ ಹಳೆಯ ನೀರಿನೊಡನೆ ಬೆರೆತು ಅದನ್ನು ತೆಳುವಾಗಿಸುತ್ತದೆ. ಬೇಸಿಗೆಯಲ್ಲಿ ಮೇಲಿನ ನೀರು ತೀರಿಹೋಗಿ, ಮೋಟಾರು ಎತ್ತುವುದು ಆಳದ ಹಳೆಯ ನೀರನ್ನು. ಆದರೆ ಇದನ್ನೇ ನಿಯಮವೆಂದು ತಿಳಿಯಬೇಡಿ. ಕೆಲವು ಬಾವಿಗಳಲ್ಲಿ ಇದಕ್ಕೆ ತಿರುಗಮುರುಗ. ಒಣಗಿದ ಮಣ್ಣಿನಲ್ಲಿ ಸೇರಿಕೊಂಡಿದ್ದ ಲವಣಗಳನ್ನು ಮಳೆಯ ನೀರೇ ತೊಳೆದು ಕೆಳಕ್ಕೆ ಒಯ್ಯುವುದರಿಂದ ಮಳೆಯಾದ ಮೇಲೆಯೇ ಫ್ಲೋರೈಡ್ ಏರುವುದೂ ಉಂಟು. ನೆರೆಯೂರಿನ ಬಾವಿಯನ್ನು ನೋಡಿ ನಮ್ಮ ಬಾವಿಯ ಗುಣ ಹೇಳಲಾಗದು.

ಕುಡಿಯತಕ್ಕ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಫ್ಲೋರೈಡ್ ಇರಬಹುದು, ಬೇರೆ ನೀರೇ ಇಲ್ಲದ ಕಡೆ 1.5 ಮಿಲಿಗ್ರಾಂವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಸಂಸ್ಥೆಯು 2012ರಲ್ಲಿ ಪ್ರಕಟಿಸಿದ ಕುಡಿಯುವ ನೀರಿನ ಮಾನಕ ಹೇಳುತ್ತದೆ. ಇದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿಗೆ ಕಲೆ ಕೂರುತ್ತದೆ. ಇನ್ನೂ ಹೆಚ್ಚಾದರೆ ಬೆನ್ನು, ಮಂಡಿ, ಕೀಲುಗಳು ಬಿಗಿಯುತ್ತವೆ. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದು ಹೆಚ್ಚೇ ಆಗುತ್ತದೆ.

ಇನ್ನು ರೋಗಾಣುಗಳ ವಿಚಾರ. ಫ್ಲೋರೈಡ್ ನಿಧಾನವಾಗಿ ಕೆಡಿಸುತ್ತದೆ, ಇವು ಎರಡು ದಿನದಲ್ಲಿ ಮನೆಮಂದಿಯನ್ನೆಲ್ಲಾ ಮಲಗಿಸುತ್ತವೆ. ಬೇಸಿಗೆಯುದ್ದಕ್ಕೂ ಬಯಲಿನಲ್ಲಿ, ತಿಪ್ಪೆಯಲ್ಲಿ, ಚರಂಡಿಯಲ್ಲಿ ಸೇರಿದ ಹೊಲಸನ್ನು ಮೊದಲ ಜೋರು ಮಳೆಯು ಒಂದೇ ಸಲಕ್ಕೆ ತೊಳೆದು ತಗ್ಗಿಗೆ ತರುತ್ತದೆ. ತೆರೆದ ಬಾವಿ ಎಷ್ಟೋ ಕಡೆ ಆ ತಗ್ಗಿನಲ್ಲೇ ಇರುತ್ತದೆ. ನಮಗೆ ನಲ್ಲಿ ಬಂದಿದೆ, ಬಾವಿಯ ಯೋಚನೆ ಏಕೆ ಎಂದು ಕೆಲವರು ಕೇಳಬಹುದು. ನಲ್ಲಿಯ ಪೈಪು ಚರಂಡಿಯ ಪಕ್ಕದಲ್ಲೇ ಹಾದು ಹೋಗಿರುತ್ತದೆ. ನೀರು ಬಿಡದ ಹೊತ್ತಿನಲ್ಲಿ ಪೈಪು ಬರಿದಾಗಿ, ಒಡಕು ಇದ್ದಲ್ಲಿ ಸುತ್ತಲಿನ ಮಳೆನೀರು, ಚರಂಡಿ ನೀರು ಒಳಕ್ಕೆ ಸೇರುತ್ತದೆ. ವಾಂತಿಭೇದಿ, ಕಾಮಾಲೆ, ವಿಷಮಶೀತ ಜ್ವರ ಇವೆಲ್ಲಾ ಹೀಗೆ ಬರತಕ್ಕವು. ಮಳೆ ಬಂದ ಮೇಲೆ ನಲ್ಲಿಯಲ್ಲಿ ಮೊದಲು ಬರುವ ಬಗ್ಗಡದ ನೀರನ್ನು ಹಿಡಿಯಬೇಡಿ. ನೀರಿಗೆ ಕಷ್ಟವಿದ್ದರೆ ಅದನ್ನು ದನಕ್ಕೂ ಕೊಡದೆ ಗಿಡಕ್ಕೆ ಹಾಕಿ.

ರೋಗಾಣು ಪರೀಕ್ಷೆಗೆ ಒಂದು ಸಣ್ಣ ಬಾಟಲಿ ಇದೆ. ಇದು ನಮ್ಮ ದೇಶದ ವಿಜ್ಞಾನಿಗಳೇ 1982ರಲ್ಲಿ ಪ್ರಕಟಿಸಿದ ವಿಧಾನ. ನೀರನ್ನು ಅದರಲ್ಲಿ ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿ ಇಟ್ಟರೆ, ಹೊಲಸು ಸೇರಿದ್ದಲ್ಲಿ ನೀರು ಕಪ್ಪಾಗುತ್ತದೆ. ಓದು ಬಾರದವರೂ ನೋಡಿ ತಿಳಿಯಬಹುದು. ಕಪ್ಪಾದರೆ ಕುಡಿಯುವ ನೀರನ್ನು ಕುದಿಸಿ, ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿ.

ಈ ಪುಡಿ ಹಾಕುವುದರಲ್ಲೇ ನಾವು ಎಡವುತ್ತೇವೆ. ಯಾರೋ ಒಂದು ಹಿಡಿ ತಂದು ಬಾವಿಗೆ ಎಸೆದು ಹೋಗುತ್ತಾರೆ, ಸುಣ್ಣವೆಲ್ಲಾ ತಳ ಸೇರುತ್ತದೆ. ಸರಿಯಾದ ಕ್ರಮ ಹೀಗೆ. ಒಳ್ಳೆಯ ಪುಡಿಯಾದರೆ 1,000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಬೇಕು. 2 ಮೀಟರ್ ಅಗಲದ ದುಂಡು ಬಾವಿಯಲ್ಲಿ 3 ಮೀಟರ್ ನೀರು ಇದ್ದರೆ ಅದು ಸುಮಾರು 9,400 ಲೀಟರ್, ಅಂದರೆ 24 ಗ್ರಾಂ ಪುಡಿ. ಅದನ್ನು ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರಿನೊಡನೆ ಕಲಸಿ, ಆಮೇಲೆ ನೀರು ಹೆಚ್ಚಿಸಿ, ಹತ್ತು ನಿಮಿಷ ಬಿಡಬೇಕು. ಸುಣ್ಣ ತಳಕ್ಕೆ ಇಳಿದ ಮೇಲೆ ತಿಳಿಯನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಅದನ್ನು ಹಗ್ಗ ಕಟ್ಟಿ ಬಾವಿಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ ನೀರಿನಲ್ಲಿ ಬೆರೆಸಬೇಕು. ಒಂದು ಗಂಟೆ ಯಾರೂ ಸೇದಬಾರದು. ರಾತ್ರಿ ಹಾಕಿದರೆ ಯಾರಿಗೂ ತೊಂದರೆಯಿಲ್ಲ. ಬಗ್ಗಡದ ನೀರು ಕ್ಲೋರಿನ್ ಅನ್ನು ಬೇಗ ನುಂಗುತ್ತದೆ, ಆದಕಾರಣ ಮಳೆಗಾಲದಲ್ಲಿ ಬೇಸಿಗೆಯ ಅಳತೆ ಸಾಲದೇ ಹೋಗಬಹುದು. ಹಾಕಿದ ಮೇಲೆ ಕ್ಲೋರಿನ್ ಉಳಿದಿದೆಯೇ ಎಂದು ಪೆಟ್ಟಿಗೆಯ ಔಷಧದಿಂದ ನೋಡತಕ್ಕದ್ದು. ಬಾಯಿ ತೆರೆದಿಟ್ಟ ಚೀಲದ ಪುಡಿ ದಿನೇ ದಿನೇ ಶಕ್ತಿ ಕಳೆದುಕೊಳ್ಳುತ್ತದೆ, ಹೋದ ವರ್ಷದ್ದನ್ನು ನಂಬಬೇಡಿ.

ಯೂರಿಯಾ ಹಾಕಿದ ಮಾರನೆಯ ದಿನವೇ ಜೋರು ಮಳೆ ಬಂದರೆ ನಷ್ಟ ಹೊಲಕ್ಕೆ ಮಾತ್ರವಲ್ಲ. ಗೊಬ್ಬರವೂ ತಿಪ್ಪೆಯ ಸಾರವೂ ನೈಟ್ರೇಟ್ ಆಗಿ ಬಾವಿಗೆ ಇಳಿಯುತ್ತದೆ. ಇದರ ಮಿತಿ ಲೀಟರಿಗೆ 45 ಮಿಲಿಗ್ರಾಂ. ಬಾಟಲಿ ಹಾಲು ಕುಡಿಯುವ ಎಳೆಗೂಸುಗಳಿಗೆ ಇದು ಅಪಾಯಕರ. ಇದೂ ಕುದಿಸಿದರೆ ಹೋಗುವುದಿಲ್ಲ.

ಪರೀಕ್ಷೆಯ ಕ್ರಮ ಸರ್ಕಾರದಲ್ಲಿ ಇಲ್ಲದಿಲ್ಲ. ಕುಡಿಯುವ ನೀರಿನ ಮೂಲಗಳನ್ನು ರೋಗಾಣುಗಳಿಗಾಗಿ ವರ್ಷಕ್ಕೆ ಎರಡು ಸಲ, ಮಳೆಗಾಲಕ್ಕೆ ಮುಂಚೆ ಮತ್ತು ನಂತರ, ರಾಸಾಯನಿಕಗಳಿಗಾಗಿ ಒಂದು ಸಲ ನೋಡಬೇಕೆಂದಿದೆ. 2019ರಲ್ಲಿ ಆರಂಭವಾದ ಜಲ ಜೀವನ ಮಿಷನ್ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐವರು ಹೆಣ್ಣುಮಕ್ಕಳಿಗೆ ಪರೀಕ್ಷೆಯ ಪೆಟ್ಟಿಗೆಯ ಬಳಕೆ ಕಲಿಸುವ ಏರ್ಪಾಡು ಉಂಟು. ನನ್ನ ಅಭಿಪ್ರಾಯದಲ್ಲಿ ಫ್ಲೋರೈಡ್ ಇರುವ ಊರುಗಳಿಗೆ ವರ್ಷಕ್ಕೊಂದು ಸಲ ಸಾಲದು. ಭರಣಿಗೆ ಮುಂಚೆ ಒಮ್ಮೆ, ಸ್ವಾತಿ ಕಳೆದ ಮೇಲೆ ಒಮ್ಮೆ ನೋಡಲೇಬೇಕು. ರೋಗಾಣುಗಳಿಗೆ ಮೊದಲ ಜೋರು ಮಳೆಯಾದ ಎರಡು ಮೂರು ದಿನಗಳಲ್ಲೇ ನೋಡಬೇಕು. ನೀರು ತೆಗೆಯುವಾಗ ಮೋಟಾರನ್ನು ಕೆಲವು ನಿಮಿಷ ಓಡಿಸಿ, ಪೈಪಿನಲ್ಲಿ ನಿಂತ ನೀರು ಹೋದ ಮೇಲೆ ಹಿಡಿಯಿರಿ.

ಫಲಿತಾಂಶವನ್ನು ಬರೆಯುವಾಗ ಅದರ ಪಕ್ಕದಲ್ಲಿ ತಾರೀಖು, ಹಿಂದಿನ ಮಳೆ ಯಾವತ್ತು ಎಷ್ಟು ಬಿತ್ತು, ತೆರೆದ ಬಾವಿಯಾದರೆ ನೀರು ಎಷ್ಟು ಅಡಿ ಆಳದಲ್ಲಿದೆ, ಇಷ್ಟನ್ನೂ ಬರೆಯಬೇಕು. ಮಳೆಯ ಅಳತೆಗೆ ಕಷ್ಟವಿಲ್ಲ. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು ಇರಿಸಿದೆ, ಪಂಚಾಯಿತಿಯಲ್ಲಿ ಕೇಳಿ. ಮೂರು ನಾಲ್ಕು ವರ್ಷ ಹೀಗೆ ಬರೆದಿಟ್ಟರೆ ತಮ್ಮ ಬಾವಿ ಯಾವ ತಿಂಗಳಲ್ಲಿ ಕೆಡುತ್ತದೆ ಎಂಬುದು ತಮಗೇ ತಿಳಿಯುತ್ತದೆ. ಆ ತಿಂಗಳುಗಳಿಗೆ ಬೇರೆ ನೀರು ಬೇಕೆಂದು ಕೇಳುವಾಗ ಬರಿಯ ಬಾಯಿಮಾತಿಗಿಂತ ಆ ಪುಸ್ತಕಕ್ಕೆ ಬೆಲೆ ಹೆಚ್ಚು.

ಆಗ ಹೇಳಿದ ಹಳ್ಳಿಯಲ್ಲಿ ಕಟ್ಟೆಗೆ ಈಗ ಬಣ್ಣ ಹಚ್ಚುವುದಿಲ್ಲ. ಪರೀಕ್ಷೆಯಾದ ತಾರೀಖನ್ನೂ ಫಲಿತಾಂಶವನ್ನೂ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಮಳೆ ಬಂದರೆ ಅಳಿಸಿಹೋಗುತ್ತದೆ, ಮತ್ತೆ ಪರೀಕ್ಷೆ ಮಾಡಿ ಬರೆಯುತ್ತಾರೆ.

ನಿನ್ನೆ ರಾತ್ರಿ ಈ ಸುತ್ತಿನಲ್ಲಿ ಮಳೆಯಾಗಿದೆ ಎಂದು ಕೇಳಿದೆ. ನೀರು ತಂದಿರುವವರು ಬಾಟಲಿಯ ಮೇಲೆ ಊರಿನ ಹೆಸರು, ಬಾವಿಯ ಗುರುತು ಬರೆದು ಆ ಮೇಜಿನ ಮೇಲೆ ಇಡಿ. ಊಟದ ಹೊತ್ತಿನೊಳಗೆ ಫ್ಲೋರೈಡ್ ನೋಡಿ ಹೇಳುತ್ತೇವೆ. ರೋಗಾಣು ಪರೀಕ್ಷೆಯ ಬಾಟಲಿಯನ್ನು ಇಲ್ಲೇ ಪಡೆದು, ಊರಿಗೆ ಹೋಗಿ ತುಂಬಿ, ನಾಡಿದ್ದು ಅದರ ಬಣ್ಣವನ್ನು ನೋಡಿ.