ಮರಳಿ ಬರಲು ದಾರಿಯಿರುವ ಕೆಲಸ

ಮನೆಯಲ್ಲಿ ಒಬ್ಬರಿಗೆ ಮಾನಸಿಕ ಕಾಯಿಲೆ ಎಂದು ತಿಳಿದಾಗ ಎಲ್ಲರ ಬಾಯಲ್ಲೂ ಮೊದಲು ಬರುವುದು ‘ವಾಸಿಯಾಗುತ್ತದಾ?’ ಎಂಬ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ವೈದ್ಯರಿದ್ದಾರೆ. ಗುಳಿಗೆ ಹಿಡಿಸಿ, ನಿದ್ದೆ ಹತ್ತಿ, ಊಟ ಸೇರತೊಡಗಿದ ಮೇಲೆ ಎರಡನೆಯ ಪ್ರಶ್ನೆ ಎದ್ದು ನಿಲ್ಲುತ್ತದೆ: ‘ಮುಂದೆ ಏನು ಮಾಡೋದು?’ ಸ್ಕಿಜೋಫ್ರೀನಿಯಾ, ಬೈಪೋಲಾರ್‌ನಂಥ ತೀವ್ರ ಕಾಯಿಲೆಗಳು ಸಾಮಾನ್ಯವಾಗಿ ಕಾಣಿಸಿಕೊಳ್ಳುವುದೇ ಹದಿಹರೆಯದ ಕೊನೆಯಿಂದ ಮೂವತ್ತರ ಒಳಗೆ. ಪಿಯುಸಿ, ಡಿಗ್ರಿ, ಮೊದಲ ನೌಕರಿಯ ವಯಸ್ಸಿನಲ್ಲಿ. ಹಾಗಾಗಿ ವೃತ್ತಿಯ ಆಯ್ಕೆ ಮತ್ತು ಕಾಯಿಲೆ ಎರಡೂ ಒಂದೇ ಹೊತ್ತಿಗೆ ಬಾಗಿಲು ತಟ್ಟುತ್ತವೆ. ಆ ಎರಡನೆಯ ಪ್ರಶ್ನೆಗೆ ಉತ್ತರ ಹುಡುಕುವ ಬಗೆ ಯಾವುದು ಎನ್ನುವುದೇ ಇವತ್ತಿನ ಮಾತು.

ಈ ಮಾತನ್ನು ನಮ್ಮ ಸೀಮೆಯಲ್ಲಿ ಆಡುವುದಕ್ಕೆ ಒಂದು ಕಾರಣವಿದೆ. 1982ರಲ್ಲಿ ದೇಶವು ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮವನ್ನು ರೂಪಿಸಿತು. ಅದನ್ನು ಇಡೀ ಒಂದು ಜಿಲ್ಲೆಯಲ್ಲಿ ನಡೆಸಿ ನೋಡಲು ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಆ ದಶಕದ ನಡುವೆ ಆರಿಸಿಕೊಂಡದ್ದು ನಮ್ಮ ಬಳ್ಳಾರಿಯನ್ನು. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಲ್ಲವೂ ಆಗ ಅದೇ ಜಿಲ್ಲೆಯೊಳಗಿದ್ದವು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಮನೆಮನೆ ತಿರುಗುವ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟರು. ಔಷಧ ಊರಿನ ಹತ್ತಿರವೇ ಸಿಗುವಂತಾಯಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶದ ಬೇರೆ ಕಡೆಗೂ ಹೊರಟಿತು. ರೋಗಿಯನ್ನು ಊರಿನಿಂದ ಕಿತ್ತು ಒಯ್ದು, ಗುಣಪಡಿಸಿ, ಮತ್ತೆ ತಂದು ನೆಡಬೇಕಾಗಿಲ್ಲ. ಇದ್ದಲ್ಲಿಗೇ ನೆರವು ಬರಬೇಕು ಎನ್ನುವುದು ಅದರ ತಿರುಳು. ಔಷಧದ ವಿಷಯದಲ್ಲಿ ನಾವು ಒಪ್ಪಿಕೊಂಡ ಈ ವಿವೇಕವನ್ನು ದುಡಿಮೆಯ ವಿಷಯದಲ್ಲಿ ಇನ್ನೂ ಒಪ್ಪಿಕೊಂಡಿಲ್ಲ. ಅಲ್ಲಿ ಈಗಲೂ ‘ಪೂರ್ತಿ ಹುಷಾರಾಗಲಿ, ಆಮೇಲೆ ಕೆಲಸ’ ಎಂಬ ಹಳೆಯ ಮಾತೇ ನಡೆಯುತ್ತಿದೆ.

ಆ ಮಾತಿನ ಹಿಂದೆ ಕಕ್ಕುಲತೆ ಇದೆ, ನಿಜ. ಆದರೆ ಪುರಾವೆ ಅದರ ಪರವಾಗಿಲ್ಲ. ಅಮೆರಿಕದಲ್ಲಿ ಸಂಶೋಧಕರಾದ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ 1990ರ ದಶಕದಲ್ಲಿ ಕ್ರಮವನ್ನೇ ತಿರುಗಿಸಿ ನೋಡಿದರು: ವರ್ಷಗಟ್ಟಲೆ ತರಬೇತಿ ಕೊಟ್ಟು ಆಮೇಲೆ ಕೆಲಸಕ್ಕೆ ಕಳಿಸುವ ಬದಲು, ಬಯಸಿದವರನ್ನು ಬೇಗ ನಿಜವಾದ ಕೆಲಸಕ್ಕೇ ಹಚ್ಚಿ, ಬೆನ್ನ ಹಿಂದೆ ನಿಂತು ನೆರವು ಕೊಡುವುದು. ಮುಂದೆ ಹಲವು ದೇಶಗಳಲ್ಲಿ ನಡೆದ ಪರೀಕ್ಷೆಗಳಲ್ಲಿ, ಹೀಗೆ ನೆರವು ಪಡೆದವರಿಗೆ ಕೆಲಸ ಸಿಕ್ಕ ಪ್ರಮಾಣ ಹಳೆಯ ಪದ್ಧತಿಯವರಿಗಿಂತ ಸುಮಾರು ಎರಡರಷ್ಟಿತ್ತು. ಕೆಲಸ ಹಿಡಿದದ್ದರಿಂದ ಕಾಯಿಲೆ ಉಲ್ಬಣಿಸಿ ಆಸ್ಪತ್ರೆ ಸೇರುವುದೇನೂ ಹೆಚ್ಚಲಿಲ್ಲ. ಅದು ಅಮೆರಿಕದ ಕಥೆ, ನಮಗೇಕೆ ಎನ್ನಬಹುದು. ನಮ್ಮದೇ ರಾಜ್ಯದ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡವು 2005ರಿಂದ ಸ್ಕಿಜೋಫ್ರೀನಿಯಾ ಇರುವವರನ್ನು ಹಳ್ಳಿಗಳಲ್ಲೇ ಗುರುತಿಸಿ ಚಿಕಿತ್ಸೆ ಕೊಡುತ್ತ ಬಂತು. ಚಿಕಿತ್ಸೆಯಲ್ಲಿದ್ದವರ ದಿನನಿತ್ಯದ ಅಸಾಮರ್ಥ್ಯ ಕಡಿಮೆಯಾದದ್ದೂ, ಅವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ದುಡಿಮೆಯಲ್ಲಿ ತೊಡಗಿದ್ದದ್ದೂ ಅಲ್ಲಿ ಕಂಡುಬಂತು. ಗುಳಿಗೆ ಬಿಟ್ಟು ದುಡಿಯಿರಿ ಎನ್ನುವುದು ಇದರ ಪಾಠವಲ್ಲ. ಗುಳಿಗೆ ಮತ್ತು ದುಡಿಮೆ ಒಂದೇ ಬಂಡಿಯ ಎರಡು ಗಾಲಿಗಳು ಎನ್ನುವುದು.

ಹಾಗಾದರೆ ಯಾವ ಕೆಲಸ? ಇಲ್ಲಿ ಇನ್ನೊಂದು ಆಕ್ಷೇಪ ಬರುತ್ತದೆ: ಕೆಲಸದ ಒತ್ತಡದಿಂದಲೇ ಕಾಯಿಲೆ ಮರುಕಳಿಸುವುದಿಲ್ಲವೇ? ಮರುಕಳಿಸಬಹುದು. ಆದರೆ ಎಲ್ಲ ಕೆಲಸದ ಒತ್ತಡವೂ ಒಂದೇ ಜಾತಿಯದಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ, ಸಂಡೂರಿನ ಗಣಿಗಳಲ್ಲಿ ದುಡಿಮೆ ಎಂದರೆ ಬಹಳ ಮಂದಿಗೆ ಪಾಳಿ. ಬೈಪೋಲಾರ್ ಇರುವವರಿಗೆ ನಿದ್ದೆಗೆಡುವುದು ಉನ್ಮಾದಕ್ಕೆ ಬಾಗಿಲು ತೆಗೆದಂತೆ; ಅವರಿಗೆ ರಾತ್ರಿ ಪಾಳಿಯ ದೊಡ್ಡ ಸಂಬಳಕ್ಕಿಂತ ಹಗಲು ಪಾಳಿಯ ಚಿಕ್ಕ ಸಂಬಳ ಲೇಸು. ಲಿಥಿಯಂ ತೆಗೆದುಕೊಳ್ಳುವವರು ನಮ್ಮ ಏಪ್ರಿಲ್ ಬಿಸಿಲಲ್ಲಿ ದಿನವಿಡೀ ಬೆವರಿ ಮೈಯ ನೀರೂ ಉಪ್ಪೂ ಇಳಿದರೆ, ಆ ಔಷಧ ರಕ್ತದಲ್ಲಿ ಅಪಾಯದ ಮಟ್ಟಕ್ಕೆ ಏರಬಹುದು. ಮಂಪರು ತರುವ ಗುಳಿಗೆ ನುಂಗುವವರು ಅದಿರು ಲಾರಿ ಓಡಿಸಬಾರದು ಎಂದರೆ ಅದು ಅವಮಾನವಲ್ಲ, ಅವರ ಮತ್ತು ಪರರ ಜೀವದ ಪ್ರಶ್ನೆ. ಇತ್ತ ಕಂಪ್ಲಿಯ ಭತ್ತದ ಗದ್ದೆಯಲ್ಲಿ ಕಾಲುವೆಗೆ ನೀರು ಬಿಟ್ಟಾಗ, ನಾಟಿ, ಕೊಯ್ಲು ಬಂದಾಗ ಬಿಡುವಿಲ್ಲದ ದುಡಿಮೆ, ನಡುನಡುವೆ ಉಸಿರಾಡಲು ಬಿಡುವು. ಹಂಪಿಯಲ್ಲಿ ಪ್ರವಾಸಿಗರ ಹಂಗಾಮು ಚಳಿಗಾಲದಲ್ಲಿ ಏರಿ ಬೇಸಿಗೆಯಲ್ಲಿ ಇಳಿಯುತ್ತದೆ. ಭೌಗೋಳಿಕ ಸೂಚಿಕೆ ಪಡೆದ ಸಂಡೂರಿನ ಲಂಬಾಣಿ ಕಸೂತಿಯನ್ನು ಕೈಗೆ ಬಂದಾಗ ಎತ್ತಿಕೊಂಡು, ಸೋತಾಗ ಮಡಿಸಿಡಬಹುದು. ಆದರೆ ಅದರ ಆದಾಯವೂ ಹಾಗೆಯೇ ಏರಿಳಿಯುತ್ತದೆ. ಆದ್ದರಿಂದ ಆಯ್ಕೆ ಮಾಡುವವರು ಹುದ್ದೆಯ ಹೆಸರಿಗೆ ಮೊದಲು ಅದರ ಲಯವನ್ನು ನೋಡಬೇಕು. ಎಷ್ಟು ಹೊತ್ತಿಗೆ ಏಳಬೇಕು, ರಾತ್ರಿ ನಿದ್ದೆ ಉಳಿಯುತ್ತದೆಯೇ, ಆಸ್ಪತ್ರೆಗೆ ಹೋಗಲು ದಿನ ಸಿಗುತ್ತದೆಯೇ. ಎಲ್ಲಕ್ಕಿಂತ ಮುಖ್ಯವಾಗಿ, ಒಂದು ತಿಂಗಳು ಕಾಯಿಲೆ ಬಿದ್ದರೆ ಮತ್ತೆ ಬಂದು ಅದೇ ಕೆಲಸ ಹಿಡಿಯಲು ದಾರಿ ಇದೆಯೇ. ಬಹಳಷ್ಟು ಮಾನಸಿಕ ಕಾಯಿಲೆಗಳು ಬಂದು ಹೋಗುವಂಥವು. ಕೆಲಸವೂ ಹೋಗಿ ಬರುವಂಥದ್ದಾಗಿರಬೇಕು.

ಹೀಗೆ ಹೇಳಿದರೆ, ‘ನಿನ್ನ ಯೋಗ್ಯತೆ ಇಷ್ಟೇ, ಸಿಕ್ಕಿದ್ದರಲ್ಲಿ ತೃಪ್ತಿಪಡು ಎಂದಂತಲ್ಲವೇ?’ ಎಂದು ಯುವಕರು ಕೇಳಬಹುದು. ಈ ಆಕ್ಷೇಪವೇ ಎಲ್ಲಕ್ಕಿಂತ ತೂಕದ್ದು. ಅರ್ಥಪೂರ್ಣ ಕೆಲಸದ ಹಂಬಲ ಆರೋಗ್ಯವಂತರ ಸೊತ್ತಲ್ಲ. ಗಣಿತಜ್ಞ ಜಾನ್ ನ್ಯಾಶ್ ದಶಕಗಳ ಕಾಲ ಸ್ಕಿಜೋಫ್ರೀನಿಯಾದಿಂದ ನರಳಿದರು. 1994ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದದ್ದು ಕಾಯಿಲೆಗೆ ಮುಂಚಿನ ಸಂಶೋಧನೆಗೆ. ಅವರಂಥ ಪ್ರತಿಭೆಯೂ ಎಲ್ಲರಿಗಿರುವುದಿಲ್ಲ. ಆದರೆ ಆ ಕಷ್ಟದ ವರ್ಷಗಳಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಅಂಗಳಕ್ಕೆ, ಗ್ರಂಥಾಲಯಕ್ಕೆ ಅವರು ಬಂದುಹೋಗುತ್ತಿದ್ದರು. ಅಲ್ಲಿನವರು ಅವರನ್ನು ಹೊರಗಟ್ಟಲಿಲ್ಲ. ನಾವು ಕಲಿಯಬೇಕಾದದ್ದು ನ್ಯಾಶ್ ಅವರ ಬುದ್ಧಿಯಿಂದಲ್ಲ, ಆ ಅಂಗಳದಿಂದ. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಬೇಕೆನ್ನುವ ಹುಡುಗಿಗೆ ಕಾಯಿಲೆ ಇದೆ ಎಂದರೆ ಅವಳ ಕನಸನ್ನು ಕತ್ತರಿಸಬೇಕಾಗಿಲ್ಲ, ಗಡುವನ್ನು ಸಡಿಲಿಸಿದರೆ ಸಾಕು. ಲಯ ನೋಡಿ ಆರಿಸುವುದೆಂದರೆ ಎತ್ತರ ತಗ್ಗಿಸುವುದಲ್ಲ, ಮೆಟ್ಟಿಲು ಹೆಚ್ಚಿಸುವುದು. ಅರ್ಥವಾದರೂ ಆರಿಸುವ ದಿನವೇ ಕೈಗೆ ಸಿಗುವಂಥದ್ದಲ್ಲ. ಒಂದು ಕೆಲಸದಲ್ಲಿ ನೆಲೆನಿಂತು, ನುರಿತು, ನಾಲ್ಕು ಜನಕ್ಕೆ ಬೇಕಾದ ಮೇಲೆ ಕೂಡಿಬರುವಂಥದ್ದು.

ಕಾಯಿಲೆ ಇರುವವರ ದುಡಿಮೆಗೆ ಕಾನೂನಿನ ಆಸರೆಯೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಮಾನಸಿಕ ಕಾಯಿಲೆಯನ್ನು 21 ಬಗೆಯ ವೈಕಲ್ಯಗಳಲ್ಲಿ ಸೇರಿಸಿದೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವಿದೆ ಎಂಬ ಪ್ರಮಾಣಪತ್ರ ಇದ್ದವರಿಗೆ ಸರ್ಕಾರಿ ನೌಕರಿಯಲ್ಲಿ ಶೇ. 4ರ ಮೀಸಲಾತಿ ಇದೆ; ಅದರಲ್ಲಿ ಶೇ. 1ನ್ನು ಮಾನಸಿಕ ಕಾಯಿಲೆಯವರು ಆಟಿಸಂ, ಬೌದ್ಧಿಕ ವೈಕಲ್ಯ ಮೊದಲಾದವು ಇರುವವರೊಡನೆ ಹಂಚಿಕೊಳ್ಳಬೇಕು. ಸೇವೆಯಲ್ಲಿದ್ದಾಗ ವೈಕಲ್ಯ ಬಂತೆಂದು ಸರ್ಕಾರಿ ನೌಕರರನ್ನು ತೆಗೆದುಹಾಕುವಂತಿಲ್ಲ. ಆದರೆ ನಮ್ಮ ಕಡೆ ಹೆಚ್ಚಿನವರ ದುಡಿಮೆ ಗುತ್ತಿಗೆಯದು, ದಿನಗೂಲಿಯದು; ಅಲ್ಲಿಗೆ ಈ ಕಾಯ್ದೆಯ ನೆರಳು ಚಾಚುವುದು ಕಡಿಮೆ. ಅಲ್ಲಿ ನಡೆಯುವುದು ಮೇಸ್ತ್ರಿಯ, ಅಂಗಡಿ ಮಾಲೀಕರ, ಗದ್ದೆಯ ಯಜಮಾನರ ಮನಸ್ಸು. ಹೆರಿಗೆಗೆ, ಕಾಲು ಮುರಿದದ್ದಕ್ಕೆ ಬಿಡುವು ಕೊಟ್ಟು ಮತ್ತೆ ಕರೆಯುವ ಅವರು, ಮನಸ್ಸು ಬಳಲಿದವರಿಗೂ ಅಷ್ಟೇ ಸಹಜವಾಗಿ ‘ಹುಷಾರಾದ ಮೇಲೆ ಬಾರಪ್ಪ’ ಎಂದರೆ ಅರ್ಧ ಕೆಲಸ ಆದಂತೆ.

ಉಳಿದರ್ಧ ಮನೆಯವರದು. ಆಯ್ಕೆಯ ಮಾತನ್ನು ವೈದ್ಯರ ಮುಂದೆಯೂ ಎತ್ತಿ. ಗುಳಿಗೆಯ ಹೊತ್ತನ್ನು ಕೆಲಸದ ಹೊತ್ತಿಗೆ ಹೊಂದಿಸಲು ಆಗುತ್ತದೆಯೇ ಎಂದು ಕೇಳಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಖರ್ಚಿಲ್ಲ. ನಾಲ್ಕು ದಶಕಗಳ ಹಿಂದೆ ಈ ಸೀಮೆಯಲ್ಲಿ ಔಷಧ ಆಸ್ಪತ್ರೆಯ ಗೋಡೆ ದಾಟಿ ಹಳ್ಳಿಗೆ ಬಂತು. ಕೆಲಸವೂ ಹಾಗೆ ಬರಬೇಕಾದರೆ, ಮಕ್ಕಳನ್ನು ‘ಏನಾಗಬೇಕು ಅಂತಿದ್ದೀಯ?’ ಎಂದು ಕೇಳುವ ನಾವು ಕೆಲಸ ಕೊಡುವವರನ್ನೂ ಒಂದು ಮಾತು ಕೇಳಬೇಕು: ‘ಇವರು ಒಂದು ತಿಂಗಳು ಬರದಿದ್ದರೆ, ಇವರ ಜಾಗ ಉಳಿದಿರುತ್ತದೆಯೇ?’